ಮೂವತ್ತು ಸೆಕೆಂಡಿನ ಗೆರೆ: ಕುರುವತ್ತಿಯ ಮದನಿಕೆಯಿಂದ ಕಂಪ್ಯೂಟರಿನ ಟೈಮರ್‌ವರೆಗೆ

ಚಿತ್ರ ಕಲಿಯುವ ಹುಡುಗ ಹುಡುಗಿಯರನ್ನು ಈಗ ಮಾತಾಡಿಸಿ ನೋಡಿ. "ದಿನಾ ಅರ್ಧ ಗಂಟೆ ಜೆಸ್ಚರ್ ಮಾಡ್ತೀನಿ" ಅನ್ನುತ್ತಾರೆ. ಹಾಗಂದರೇನು ಅಂತ ಕೇಳಿದರೆ ಫೋನನ್ನೋ ಲ್ಯಾಪ್‌ಟಾಪನ್ನೋ ತೆರೆದು ತೋರಿಸುತ್ತಾರೆ. ಪರದೆಯ ಮೇಲೆ ಯಾರೋ ಒಬ್ಬ ಓಡುವ ಭಂಗಿಯಲ್ಲಿ ನಿಂತಿರುತ್ತಾನೆ. ಮೂಲೆಯಲ್ಲಿ ಗಡಿಯಾರ ಮೂವತ್ತರಿಂದ ಸೊನ್ನೆಗೆ ಇಳಿಯುತ್ತಿರುತ್ತದೆ. ಸೊನ್ನೆ ಮುಟ್ಟಿದ ಕೂಡಲೇ ಆ ಚಿತ್ರ ಮಾಯ, ಇನ್ನೊಂದು ಹಾಜರ್! ನೀವು ಬರೆದದ್ದು ಮುಗಿದಿತ್ತೋ ಇಲ್ಲವೋ, ಕಂಪ್ಯೂಟರಿಗೆ ಅದು ಬೇಕಿಲ್ಲ.

ಇದಕ್ಕೇ ಇಂಗ್ಲಿಷಿನಲ್ಲಿ ಜೆಸ್ಚರ್ ಡ್ರಾಯಿಂಗ್ ಅನ್ನುತ್ತಾರೆ. ಕನ್ನಡದಲ್ಲಿ ಭಂಗಿಚಿತ್ರ ಅನ್ನಬಹುದೇನೋ. ಕಣ್ಣು, ಮೂಗು, ಬಟ್ಟೆಯ ನಿರಿಗೆ ಯಾವುದೂ ಇಲ್ಲಿ ಮುಖ್ಯ ಅಲ್ಲ. ಭಾರ ಯಾವ ಕಾಲಿನ ಮೇಲಿದೆ, ಬೆನ್ನು ಎತ್ತ ಬಾಗಿದೆ, ಕೈ ಎಳೀತಾ ಇದೆಯೋ ತಳ್ಳುತ್ತಾ ಇದೆಯೋ, ಇಷ್ಟನ್ನು ನಾಲ್ಕಾರು ಗೆರೆಯಲ್ಲಿ ಹಿಡಿಯಬೇಕು. ಮೂವತ್ತು ಸೆಕೆಂಡು ಕೊಡುವುದೇ ಅದಕ್ಕಾಗಿ. ಹೆಚ್ಚು ಹೊತ್ತು ಕೊಟ್ಟರೆ ನಾವು ಕಣ್ಣಿನ ರೆಪ್ಪೆ ಬರೆಯೋಕೆ ಕೂತುಬಿಡುತ್ತೇವೆ.

ಇದು ಅಮೆರಿಕದಿಂದಲೋ ಜಪಾನಿನಿಂದಲೋ ಇಂಟರ್‌ನೆಟ್ ಮೂಲಕ ಬಂದ ಹೊಸ ವಿದ್ಯೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸಾಫ್ಟ್‌ವೇರು ಹೊರಗಿನಿಂದ ಬಂದದ್ದು ನಿಜ. ಆದರೆ ವಿದ್ಯೆ? ಅದರ ಬೇರು ಹುಡುಕಿಕೊಂಡು ಹೋದರೆ ನಮ್ಮ ಕೋಗಳಿ ನಾಡಿನ ಕಲ್ಲುಗಳ ಹತ್ತಿರಕ್ಕೇ ಬಂದು ನಿಲ್ಲುತ್ತೇವೆ. ಹಾಗಾದರೆ ಸಾಫ್ಟ್‌ವೇರು ಹೊಸದಾಗಿ ಕೊಟ್ಟದ್ದೇನು, ಅದಕ್ಕೆ ಕೊಡಲಾಗದ್ದೇನು? ಇವತ್ತು ಬರೆಯಹೊರಟಿದ್ದು ಇದನ್ನೇ. ಸ್ವಲ್ಪ ಉದ್ದ ಆಗುತ್ತೆ, ಸಾವಕಾಶವಾಗಿ ಓದಿ.

ಕೋಗಳಿ ಎಲ್ಲಿದೆ ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ ಇವತ್ತು ಅದೊಂದು ಹಳ್ಳಿ. ಸಾವಿರ ವರ್ಷದ ಹಿಂದೆ ಅದು ಒಂದು ನಾಡಿನ ಹೆಸರು. ಶಾಸನಗಳಲ್ಲಿ ಕೋಗಳಿ ಐನೂರು ಅಂತ ಬರುತ್ತದೆ, ನೊಳಂಬವಾಡಿಯ ಒಂದು ಭಾಗ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅಂತ ನಾವು ಈಗ ಕರೆಯುವ ಸೀಮೆ ಇದು. ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು, 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, 2021ರಿಂದ ವಿಜಯನಗರ ಜಿಲ್ಲೆ. ಹರಪನಹಳ್ಳಿಯಂತೂ ನಡುವೆ ಇಪ್ಪತ್ತು ವರ್ಷ ದಾವಣಗೆರೆಗೆ ಹೋಗಿ ಬಂತು. ಇರಲಿ, ವಿಷಯಕ್ಕೆ ಬರೋಣ.

ಈ ಸೀಮೆಯನ್ನು ಕಲ್ಯಾಣದ ಚಾಳುಕ್ಯರು ಆಳುತ್ತಿದ್ದಾಗ ಅವರಲ್ಲಿ ಒಬ್ಬ ದೊರೆ ಪುಸ್ತಕ ಬರೆದ. ಮೂರನೆಯ ಸೋಮೇಶ್ವರ, ಪುಸ್ತಕ ಮಾನಸೋಲ್ಲಾಸ, ಕಾಲ 1130ರ ಆಸುಪಾಸು. ಸಂಸ್ಕೃತದಲ್ಲಿದೆ. ರಾಜನಾದವನಿಗೆ ಬೇಕಾದ್ದೆಲ್ಲ ಅದರಲ್ಲಿದೆ: ಆನೆ, ಕುದುರೆ, ಅಡುಗೆ, ಆಟ, ಸಂಗೀತ, ವೈದ್ಯ. ನಮ್ಮ ಇಡ್ಲಿ ದೋಸೆಯ ಹಳೇ ಉಲ್ಲೇಖಕ್ಕೆ ಎಲ್ಲರೂ ಹುಡುಕುವುದೂ ಇದೇ ಪುಸ್ತಕವನ್ನು. ಅದರಲ್ಲಿ ಚಿತ್ರಕಲೆಯ ಬಗ್ಗೆಯೂ ಒಂದು ಭಾಗವಿದೆ, ಅದನ್ನು ಓದಿದವರು ಮಾತ್ರ ಕಡಿಮೆ.

ಸೋಮೇಶ್ವರ ಅಲ್ಲಿ ಚಿತ್ರಗಳನ್ನು ಬಗೆಬಗೆಯಾಗಿ ವಿಂಗಡಿಸುತ್ತಾನೆ. ಅವುಗಳಲ್ಲಿ ಎರಡು ನಮಗೆ ಮುಖ್ಯ. ಒಂದು ವಿದ್ಧ ಚಿತ್ರ. ಕನ್ನಡಿಯಲ್ಲಿ ಬಿಂಬ ಕಂಡ ಹಾಗೆ ಎದುರಿಗಿದ್ದದ್ದನ್ನು ಯಥಾವತ್ತಾಗಿ ಬರೆಯುವುದು. ಇನ್ನೊಂದು ಅವಿದ್ಧ ಚಿತ್ರ. ಬರೆಯಬೇಕು ಅಂತ ಇದ್ದಕ್ಕಿದ್ದಂತೆ ಅನ್ನಿಸಿ, ಆಕಾರ ಮಾತ್ರ ಸಿದ್ಧಿಸುವ ಹಾಗೆ ಬರೆಯುವುದು. ಹೋಲಿಕೆ ಬೇಕಿಲ್ಲ, ವಿವರ ಬೇಕಿಲ್ಲ, ಆಕಾರ ಬಂದರೆ ಸಾಕು!

ಮೊದಲ ಸಲ ಇದನ್ನು ಓದಿದಾಗ ನನಗೆ ಒಂದು ಕ್ಷಣ ನಂಬಿಕೆ ಬರಲಿಲ್ಲ. ಒಂಬೈನೂರು ವರ್ಷದ ಹಿಂದೆ ನಮ್ಮ ಒಬ್ಬ ದೊರೆ ಈ ಅವಸರದ ಚಿತ್ರಕ್ಕೆ ಹೆಸರಿಟ್ಟು, ಯಥಾವತ್ ಚಿತ್ರದ ಪಕ್ಕದಲ್ಲೇ ಕೂರಿಸಿದ್ದಾನಲ್ಲ! ಹಾಗಂತ ಉಬ್ಬಿಹೋಗುವುದೂ ಬೇಡ. ಸೋಮೇಶ್ವರ ಗಡಿಯಾರದ ಮಾತಾಡುವುದಿಲ್ಲ. ದಿನಕ್ಕೆ ಇಷ್ಟು ಅಂತ ಅಭ್ಯಾಸ ಮಾಡಿ ಅನ್ನುವುದೂ ಇಲ್ಲ. ಅವನ ಪಾಲಿಗೆ ಅದು ಚಿತ್ರದ ಒಂದು ಜಾತಿ, ನಮ್ಮ ಪಾಲಿಗೆ ಅದು ಒಂದು ಸಾಧನೆ. "ಎಲ್ಲಾ ನಮ್ಮಲ್ಲೇ ಇತ್ತು" ಅನ್ನುವ ಗುಂಪಿಗೆ ನಾನು ಸೇರಿದವನಲ್ಲ. ಆದರೆ ವಿವರ ಬೇರೆ, ಆಕಾರ ಬೇರೆ, ಆಕಾರವನ್ನು ಮಾತ್ರ ಹಿಡಿಯುವುದೂ ಒಂದು ಪೂರ್ತಿ ಕೆಲಸ ಎಂಬ ತಿಳಿವಳಿಕೆ ಇತ್ತಲ್ಲ, ಅದು ದೊಡ್ಡದು.

ಅದೇ ಪುಸ್ತಕದಲ್ಲಿ ನಿಲುವುಗಳ ಲೆಕ್ಕವೂ ಇದೆ. ನೇರ ಎದುರಿಗೆ ನಿಂತದ್ದು ಋಜು, ಸ್ವಲ್ಪ ತಿರುಗಿದ್ದು ಅರ್ಧರ್ಜು, ಇನ್ನೂ ಓರೆಯಾದದ್ದು ಸಾಚಿ, ಹೀಗೆ ಪಕ್ಕದ ನೋಟದವರೆಗೆ. ದೇಹದ ನಡುವೆ ನೆತ್ತಿಯಿಂದ ಕೆಳಕ್ಕೆ ಇಳಿಬಿಟ್ಟ ಒಂದು ಕಲ್ಪನೆಯ ದಾರ ಬ್ರಹ್ಮಸೂತ್ರ. ದೇಹ ತಿರುಗಿದಂತೆ, ಬಾಗಿದಂತೆ ಆ ದಾರದಿಂದ ಯಾವ ಅಂಗ ಎಷ್ಟು ದೂರ ಸರಿಯಿತು ಅಂತ ಅಳೆಯುತ್ತಾರೆ. ಗೋಡೆ ಕಟ್ಟುವ ಗೌಂಡಿ ತೂಗುಗುಂಡು ಇಳಿಬಿಟ್ಟು ನೋಡುತ್ತಾನಲ್ಲ, ಹಾಗೆ. ಇವತ್ತಿನ ಚಿತ್ರ ಶಾಲೆಗಳಲ್ಲಿ ಲೈನ್ ಆಫ್ ಆಕ್ಷನ್ ಅಂತ ಒಂದು ಮಾತಿದೆ, ದೇಹದ ಚಲನೆಯನ್ನೆಲ್ಲ ತಲೆಯಿಂದ ಪಾದದವರೆಗೆ ಒಂದೇ ಬಾಗಿದ ಗೆರೆಯಲ್ಲಿ ಹೇಳುವುದು. ಬ್ರಹ್ಮಸೂತ್ರ ನೆಟ್ಟಗಿನ ಗೆರೆ, ಇದು ಬಾಗಿದ ಗೆರೆ. ಎರಡೂ ಕೇಳುವ ಪ್ರಶ್ನೆ ಒಂದೇ: ಈ ದೇಹ ಎತ್ತ ವಾಲಿದೆ?

ಈ ಲೆಕ್ಕ ಬರೀ ಪುಸ್ತಕದಲ್ಲಿ ಉಳಿದಿತ್ತೇ? ಇಲ್ಲ. ಹಡಗಲಿ ತಾಲ್ಲೂಕಿನ ಕುರುವತ್ತಿಗೆ ಹೋಗಿ ನೋಡಿ. ತುಂಗಭದ್ರೆಯ ದಂಡೆಯ ಊರು. 1068ರಲ್ಲಿ ಮೊದಲನೆಯ ಸೋಮೇಶ್ವರ, ಅಂದರೆ ನಮ್ಮ ಪುಸ್ತಕ ಬರೆದ ದೊರೆಯ ಮುತ್ತಜ್ಜನಲ್ಲ, ಸ್ವಂತ ಅಜ್ಜ, ರೋಗ ವಾಸಿಯಾಗದೆ ಹೊಳೆಗಿಳಿದು ಪ್ರಾಣ ಬಿಟ್ಟದ್ದು ಇಲ್ಲಿಯೇ. ಅಲ್ಲಿ ಮಲ್ಲಿಕಾರ್ಜುನನ ಗುಡಿ ಇದೆ. ಅದರ ಮದನಿಕೆಯರು ಕಲಾ ಇತಿಹಾಸದ ಪುಸ್ತಕಗಳಲ್ಲೆಲ್ಲ ಬರುತ್ತಾರೆ. ಕಂಬದ ಮೇಲಿನಿಂದ ಮುಂದಕ್ಕೆ ಚಾಚಿಕೊಂಡ ಈ ಹೆಂಗಸರ ಒಂದು ಮೈಯೂ ನೆಟ್ಟಗಿಲ್ಲ. ಸೊಂಟ ಒಂದು ಕಡೆ, ಎದೆ ಇನ್ನೊಂದು ಕಡೆ, ತಲೆ ಮತ್ತೊಂದು ಕಡೆ. ಕಲ್ಲು ತೂಕದ ವಸ್ತು ಅನ್ನುವುದೇ ಮರೆತುಹೋಗುತ್ತೆ.

ಒಂದು ಕೆಲಸ ಮಾಡಿ. ಆ ಮದನಿಕೆಯ ಆಭರಣ, ಬಳ್ಳಿ, ಸುತ್ತಿನ ಕೆತ್ತನೆ ಎಲ್ಲವನ್ನೂ ಕಣ್ಣಿನಿಂದ ಅಳಿಸಿಹಾಕಿ ಮೈಯ ಬಾಗನ್ನು ಮಾತ್ರ ನೋಡಿ. ಒಂದೇ ಗೆರೆ ಉಳಿಯುತ್ತದೆ. ಶಿಲ್ಪಿ ತಿಂಗಳುಗಟ್ಟಲೆ ಉಳಿ ಹಿಡಿದಿರಬಹುದು. ಆದರೆ ಆ ಮೊದಲ ಗೆರೆ ಮೂಡಿದ್ದು ಒಂದು ಉಸಿರಿನಲ್ಲೇ ಇರಬೇಕು. ಅದು ತಪ್ಪಿದ್ದರೆ ಮುಂದಿನ ತಿಂಗಳುಗಳ ಕೆಲಸವೆಲ್ಲ ದಂಡ.

ಈ ಬಾಗುಗಳಿಗೆ ಹೆಸರುಗಳಿವೆ. ಸಮಭಂಗ, ಆಭಂಗ, ತ್ರಿಭಂಗ, ಅತಿಭಂಗ. ಇವನ್ನು ಹೊಸ ಕಾಲದ ಕಲಾವಿದರಿಗೆ ಮತ್ತೆ ನೆನಪಿಸಿದವರು ಕಲ್ಕತ್ತಾದ ಅವನೀಂದ್ರನಾಥ ಠಾಕೂರರು. ಅವರು ಭಾರತೀಯ ಶಿಲ್ಪದ ಅಂಗರಚನೆಯ ಬಗ್ಗೆ ಬರೆದ ಪುಟ್ಟ ಪುಸ್ತಕ 1914ರಲ್ಲಿ ಇಂಗ್ಲಿಷಿನಲ್ಲಿ ಬಂತು. ಅದಕ್ಕೆ ರೇಖಾಚಿತ್ರ ಬರೆದುಕೊಟ್ಟ ಶಿಷ್ಯರು ಇಬ್ಬರು. ಒಬ್ಬರು ನಂದಲಾಲ್ ಬೋಸ್, ಇನ್ನೊಬ್ಬರು ನಮ್ಮ ಮೈಸೂರಿನ ಕೆ. ವೆಂಕಟಪ್ಪ. ಭಂಗಿಯ ಈ ಹಳೇ ವ್ಯಾಕರಣವನ್ನು ಹೊಸ ಕಾಗದದ ಮೇಲೆ ಬರೆದು ತೋರಿಸಿದ ಕೈಗಳಲ್ಲಿ ಒಂದು ಕನ್ನಡದ ಕೈ ಅನ್ನೋದು ಸಂತೋಷದ ಸಂಗತಿ ಅಲ್ಲವೇ?

ಈಗ ಕಥೆ ಒಂದು ತಿರುವು ತಗೊಳ್ಳುತ್ತೆ.

ಕುರುವತ್ತಿ, ಬಾಗಳಿ, ಹಿರೇಹಡಗಲಿ, ಹೂವಿನಹಡಗಲಿ, ಮಾಗಳ, ನೀಲಗುಂದ. ನಮ್ಮ ಸೀಮೆಯ ಈ ಗುಡಿಗಳಿಗೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಒಬ್ಬ ಸಾಹೇಬ ಬಂದ. ಅಲೆಕ್ಸಾಂಡರ್ ರೀ, ಮದ್ರಾಸ್ ಪ್ರಾಂತ್ಯದ ಪುರಾತತ್ವ ಇಲಾಖೆಯ ಅಧಿಕಾರಿ. 1896ರಲ್ಲಿ ಅವನ ಚಾಳುಕ್ಯ ವಾಸ್ತುಶಿಲ್ಪದ ಪುಸ್ತಕ ಮದ್ರಾಸಿನಲ್ಲಿ ಅಚ್ಚಾಯಿತು. ಬಳ್ಳಾರಿ ಜಿಲ್ಲೆಯ ಗುಡಿಗಳದ್ದೇ ಅದರಲ್ಲಿ ಮೇಲುಗೈ. ಅಳತೆ ಹಿಡಿದು ಬರೆದ ನಕ್ಷೆಗಳು, ಬಾಗಿಲುವಾಡದ ಒಂದೊಂದು ಎಲೆ, ಒಂದೊಂದು ಮಣಿಯನ್ನೂ ಬಿಡದ ಫಲಕಗಳು. ಇವತ್ತಿಗೂ ಆ ಗುಡಿಗಳ ಬಗ್ಗೆ ಬರೆಯುವವರು ಆ ಪುಸ್ತಕ ತೆರೆಯದೆ ಮುಂದೆ ಹೋಗುವ ಹಾಗಿಲ್ಲ. ನಮ್ಮ ಕಲ್ಲಿಗೆ ಸಿಕ್ಕ ದೊಡ್ಡ ಸೇವೆ ಅದು, ಸುಳ್ಳಲ್ಲ.

ಆದರೆ ಅದು ಬೇರೆ ಬಗೆಯ ಗೆರೆ. ಸ್ಕೇಲಿನ ಗೆರೆ, ನಿಧಾನದ ಗೆರೆ, ಸೋಮೇಶ್ವರನ ಮಾತಿನಲ್ಲಿ ಹೇಳುವುದಾದರೆ ವಿದ್ಧದ ಗೆರೆ. ಆ ಕಾಲದ ಸರ್ಕಾರಕ್ಕೆ ಬೇಕಾಗಿದ್ದದ್ದೂ ಅದೇ. ಮದ್ರಾಸಿನ ಕಲಾಶಾಲೆ 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ಡಾಕ್ಟರಿಂದ ಶುರುವಾದಾಗ ಅದರ ಗುರಿ ಕೈಗಾರಿಕೆ, ಕುಶಲಕರ್ಮ. ಸರ್ವೆ ಇಲಾಖೆಗೆ, ಲೋಕೋಪಯೋಗಿಗೆ, ರೈಲ್ವೆಗೆ ನಕ್ಷೆ ಬರೆಯುವ ಕೈಗಳು ಬೇಕಾಗಿದ್ದವು. ನೋಡಿ ನಕಲು ಮಾಡು, ಅಳೆದು ಬರೆ, ಅಂಚು ಚೊಕ್ಕ ಇರಲಿ. ನಮ್ಮ ಶಾಲೆಗಳ ಡ್ರಾಯಿಂಗ್ ಮೇಷ್ಟ್ರ ಪರಂಪರೆ ಹುಟ್ಟಿದ್ದು ಈ ಬಗೆಯ ಶಿಕ್ಷಣದಿಂದ. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಕಟ್ಟಿದವರನ್ನು ಕೇಳಿ. ಹೂಜಿ, ಚೆಂಬು, ಹಣ್ಣಿನ ಬುಟ್ಟಿ, ವಿನ್ಯಾಸ. ರಬ್ಬರಿನಿಂದ ಅಳಿಸಿ ಅಳಿಸಿ ತಿದ್ದಿದ ಚೊಕ್ಕ ಗೆರೆ. ಮೇಷ್ಟ್ರುಗಳನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಕರಿಹಲಗೆಯ ಮೇಲೆ ಒಂದೇ ಏಟಿಗೆ ಬಸವನನ್ನು ಬರೆದು ಕಣ್ಣರಳಿಸುವಂತೆ ಮಾಡಿದವರೂ ಅವರೇ. ಆದರೆ ಅಂಕ ಇದ್ದದ್ದು ಚೊಕ್ಕತನಕ್ಕೆ, ಚಲನೆಗಲ್ಲ.

ಮತ್ತೆ, ಚಲನೆ ಕಲಿಯಬೇಕು ಅಂದರೆ ಎದುರಿಗೆ ಮನುಷ್ಯ ಬೇಕಲ್ಲ? ಮಾಡೆಲ್. ಇಲ್ಲೇ ಇರುವುದು ನಿಜವಾದ ತೊಡಕು.

ಬೊಂಬಾಯಿಯ ಜೆ.ಜೆ. ಕಲಾಶಾಲೆಯಲ್ಲಿ ಜೀವಂತ ಮಾಡೆಲನ್ನು ಕೂರಿಸಿ ಬರೆಸುವ ತರಗತಿ ಗಟ್ಟಿಯಾಗಿ ನೆಲೆಯೂರಿದ್ದು 1919ರಲ್ಲಿ ಗ್ಲಾಡ್‌ಸ್ಟೋನ್ ಸಾಲೊಮನ್ ಬಂದಮೇಲೆ. ಅಂಥ ಮಹಾನಗರಕ್ಕೇ ಅಷ್ಟು ಕಾಲ ಹಿಡಿಯಿತು. ಉಡುಪಿ ಹತ್ತಿರದ ಕಟ್ಟಿಂಗೇರಿಯ ಹುಡುಗನೊಬ್ಬ ಅದಕ್ಕಾಗಿ ಬೊಂಬಾಯಿಗೇ ಹೋಗಬೇಕಾಯಿತು. ಕೆ.ಕೆ. ಹೆಬ್ಬಾರ್, ಹುಟ್ಟಿದ್ದು 1911ರಲ್ಲಿ, ಜೆ.ಜೆ.ಯಲ್ಲಿ ಡಿಪ್ಲೊಮಾ ಮುಗಿಸಿದ್ದು 1938ರಲ್ಲಿ. ಆಮೇಲೆ ಅಲ್ಲೇ ಮೇಷ್ಟ್ರೂ ಆದರು, ಪ್ಯಾರಿಸ್ಸಿಗೂ ಹೋಗಿ ಬಂದರು.

ಹೆಬ್ಬಾರರ ಬಣ್ಣದ ಚಿತ್ರಗಳು ಎಷ್ಟು ಹೆಸರಾದವೋ ಅವರ ಗೆರೆಯೂ ಅಷ್ಟೇ ಹೆಸರಾಯಿತು. ನರ್ತಕಿಯರು, ವಾದ್ಯ ನುಡಿಸುವವರು, ಕೆಲಸದವರು. ಒಂದು ಗೆರೆ ಹೊರಟಿತೆಂದರೆ ತೋಳಾಗಿ, ಬೆನ್ನಾಗಿ, ಕಾಲಾಗಿ ಕೊನೆಗೆ ಗೆಜ್ಜೆಯಲ್ಲಿ ನಿಲ್ಲುತ್ತದೆ. ಈ ರೇಖಾಚಿತ್ರಗಳ ಪುಸ್ತಕಕ್ಕೆ ಸಿಂಗಿಂಗ್ ಲೈನ್ ಅಂತಲೇ ಹೆಸರು, ಹಾಡುವ ಗೆರೆ! ಆದರೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಗತಿ. ಕುಣಿಯುವ ಮೈಯನ್ನು ಗೆರೆಯಲ್ಲಿ ಹಿಡಿಯಬೇಕಾದರೆ ಕುಣಿತ ಒಳಗಿನಿಂದ ಗೊತ್ತಿರಬೇಕು ಅಂತ ಅವರು ಪಂಡಿತ್ ಸುಂದರ್ ಪ್ರಸಾದರ ಹತ್ತಿರ ಕಥಕ್ ಕಲಿತರು. ವೇದಿಕೆ ಹತ್ತುವುದಕ್ಕಲ್ಲ, ಗೆರೆಗಾಗಿ.

ವಿಷ್ಣುಧರ್ಮೋತ್ತರ ಪುರಾಣದಲ್ಲಿ ಒಂದು ಪ್ರಸಂಗ ಬರುತ್ತದೆ. ವಜ್ರ ಎಂಬ ರಾಜ ಮೂರ್ತಿಶಿಲ್ಪ ಕಲಿಸು ಅಂತ ಮಾರ್ಕಂಡೇಯನನ್ನು ಕೇಳಿದರೆ ಅವನು ಮೊದಲು ಚಿತ್ರ ಬರಬೇಕು ಅನ್ನುತ್ತಾನೆ. ಚಿತ್ರಕ್ಕೆ ಏನು ಬೇಕು ಅಂದರೆ ನೃತ್ಯ ಬರಬೇಕು ಅನ್ನುತ್ತಾನೆ. ಹೆಬ್ಬಾರರು ಅದನ್ನು ಓದಿ ಹೀಗೆ ಮಾಡಿದರೋ, ತಮಗೇ ಹೊಳೆದು ಮಾಡಿದರೋ, ದಾರಿ ಮಾತ್ರ ಒಂದೇ.

ಇನ್ನು ಆರ್.ಕೆ. ಲಕ್ಷ್ಮಣ್. ಅವರಿಗೆ ಜೆ.ಜೆ. ಶಾಲೆ ಸೀಟೇ ಕೊಡಲಿಲ್ಲ, ಈ ಕಥೆ ನಿಮಗೂ ಗೊತ್ತು. ಮಾಡೆಲ್ ಇಲ್ಲದ ಅವರಿಗೆ ಮೈಸೂರಿನ ಬೀದಿ, ಮರದ ಮೇಲಿನ ಕಾಗೆಗಳೇ ಶಾಲೆ. ಕಾಗೆ ಭಂಗಿ ಕೊಟ್ಟು ಕೂರುತ್ತದೆಯೇ? ಅದು ಹಾರುವುದರೊಳಗೆ ಬರೆಯಬೇಕು. ಅದಕ್ಕಿಂತ ದೊಡ್ಡ ಟೈಮರ್ ಬೇಕೆ!

ಹೊರಗಿನ ಲೋಕದಲ್ಲೂ ಕಥೆ ಹೆಚ್ಚುಕಡಿಮೆ ಹೀಗೇ ಇದೆ. ಜಪಾನಿನ ಹೊಕುಸಾಯ್ 1814ರಿಂದ ಸಂಪುಟದ ಮೇಲೆ ಸಂಪುಟ ರೇಖಾಚಿತ್ರ ಅಚ್ಚು ಹಾಕಿಸಿದ. ಕುಸ್ತಿ ಆಡುವವರು, ಮೈ ತೊಳೆಯುವವರು, ಆಕಳಿಸುವವರು, ಎಲ್ಲಾ ಬಗೆಯ ಮೈಗಳು. ಫ್ರಾನ್ಸಿನ ಶಿಲ್ಪಿ ರೊಡಾಂಗೆ ಎಷ್ಟು ಅವಸರ ಅಂದರೆ ಮಾಡೆಲ್ ಮೇಲಿನ ಕಣ್ಣು ತೆಗೆಯದೆ, ಕಾಗದ ನೋಡದೆಯೇ ಬರೆಯುತ್ತಿದ್ದ. 1906ರಲ್ಲಿ ಕಾಂಬೋಡಿಯದ ಅರಮನೆ ನರ್ತಕಿಯರು ಪ್ಯಾರಿಸ್ಸಿಗೆ ಬಂದಾಗ ಅವರ ಹಿಂದೆಯೇ ಮಾರ್ಸೇಲ್ಸ್‌ವರೆಗೆ ಹೋಗಿ ಚಿತ್ರ ಬರೆದ.

ಇದನ್ನು ಕ್ರಮಬದ್ಧ ಪಾಠವಾಗಿ ಕಟ್ಟಿದವನು ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗಿನ ಮೇಷ್ಟ್ರು ಕೀಮನ್ ನಿಕೊಲೈಡಿಸ್. ಅವನು ತೀರಿಹೋದದ್ದು 1938ರಲ್ಲಿ, ಪುಸ್ತಕ ಬಂದದ್ದು 1941ರಲ್ಲಿ, ದ ನ್ಯಾಚುರಲ್ ವೇ ಟು ಡ್ರಾ. ಒಂದು ಮೈ ಹೇಗೆ ಕಾಣುತ್ತದೆ ಎಂಬುದನ್ನು ಬಿಟ್ಟು ಅದು ಏನು ಮಾಡುತ್ತಿದೆ ಎಂಬುದನ್ನು ಬರೆಯಬೇಕು ಎಂಬುದು ಅವನ ಪಾಠದ ತಿರುಳು. ಇಷ್ಟು ಹೊತ್ತು ಇದು, ಇಷ್ಟು ಹೊತ್ತು ಅದು ಅಂತ ವೇಳಾಪಟ್ಟಿಯನ್ನೂ ಹಾಕಿಕೊಟ್ಟ. ಅದೇ ಹೊತ್ತಿಗೆ, 1932ರಿಂದ, ಡಿಸ್ನಿ ಸ್ಟೂಡಿಯೋದಲ್ಲಿ ಡಾನ್ ಗ್ರಹಾಂ ಎಂಬ ಮೇಷ್ಟ್ರು ಸಂಜೆ ತರಗತಿ ನಡೆಸಿ ಕಾರ್ಟೂನ್ ಬರೆಯುವವರಿಗೆ ಮಾಡೆಲ್ ನೋಡಿ ಬರೆಯುವುದನ್ನು ಕಲಿಸುತ್ತಿದ್ದ. ಸ್ನೋ ವೈಟ್‌ನ ಕುಳ್ಳರು ಅಷ್ಟು ಚೆನ್ನಾಗಿ ನಡೆದಾಡಿದ್ದರ ಹಿಂದೆ ಆ ಸಂಜೆಗಳಿವೆ. ಅನಿಮೇಷನ್ ಕೆಲಸಕ್ಕೆ ಹೋಗುವ ಹುಡುಗರಿಗೆ ಜೆಸ್ಚರ್ ಮಾಡಿದ್ದೀರಾ ಅಂತ ಇವತ್ತೂ ಕೇಳುವುದಕ್ಕೆ ಕಾರಣ ಇದೇ.

ಇಷ್ಟು ಕೇಳಿದಮೇಲೆ ಸಾಫ್ಟ್‌ವೇರಿನ ಬೆಲೆ ಏನು ಅಂತ ಗೊತ್ತಾಗುತ್ತೆ. ಈ ಎಲ್ಲ ಕಥೆಯಲ್ಲಿ ಬೇಕಾದ್ದು ಎರಡೇ: ಎದುರಿಗೆ ಒಂದು ಮೈ, ಮತ್ತೆ ಹೊತ್ತಾಯಿತು ಅನ್ನುವ ಒಬ್ಬ ಮೇಷ್ಟ್ರು. ನ್ಯೂಯಾರ್ಕಿನಲ್ಲಿ, ಬೊಂಬಾಯಿಯಲ್ಲಿ ಅದು ಸಿಕ್ಕಿತು. ಹರಪನಹಳ್ಳಿಯಲ್ಲಿ? ಕೊಟ್ಟೂರಲ್ಲಿ? ಹತ್ತಿರದ ಕಲಾ ಕಾಲೇಜು ಅಂದರೆ ದಾವಣಗೆರೆ. ಕಾಲೇಜಿಗೆ ಹೋಗಲಾರದ ಹುಡುಗ ಬಸ್‌ಸ್ಟ್ಯಾಂಡಿನಲ್ಲಿ ಕೂತು ಜನರನ್ನು ಬರೆಯಬಹುದು. ಹುಡುಗಿ? ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಒಂದು ತಾಸು ಕೂತು ಗಂಡಸರನ್ನು ದಿಟ್ಟಿಸುತ್ತಾ ಸ್ಕೆಚ್ ಬುಕ್ಕು ತುಂಬಿಸುವ ಹುಡುಗಿಯನ್ನು ನಮ್ಮೂರು ಸುಮ್ಮನೆ ಬಿಡುತ್ತದೆಯೇ? ನೀವೇ ಹೇಳಿ. ಅಂಥ ಹುಡುಗಿಗೆ ಮನೆಯ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದೆ, ಒಂದು ತಾಸಿನಲ್ಲಿ ನೂರು ಮೈಗಳನ್ನು ತೋರಿಸುವ ಯಂತ್ರ ಸಿಕ್ಕಿತಲ್ಲ, ಅದು ಸಣ್ಣ ಮಾತಲ್ಲ.

ಆ ಯಂತ್ರದ ಇತಿಹಾಸ ಚಿಕ್ಕದು. ನಮ್ಮಲ್ಲಿ ಸೈಬರ್ ಕೆಫೆಗಳು ತುಂಬಿದ್ದ ಕಾಲದಿಂದ ಇದ್ದದ್ದು ಜಪಾನಿನ ಪೋಸ್‌ಮೇನಿಯಾಕ್ಸ್. ಚರ್ಮ ಸುಲಿದಂತೆ ಸ್ನಾಯುಗಳು ಕಾಣುವ ಮೂರು ಆಯಾಮದ ಬೊಂಬೆಗಳು, ಮೂವತ್ತು ಸೆಕೆಂಡಿಗೊಂದು ಭಂಗಿ. ಅದು ನಡೆಯುತ್ತಿದ್ದದ್ದು ಫ್ಲ್ಯಾಶ್ ಎಂಬ ತಂತ್ರದ ಮೇಲೆ. ಆಮೇಲೆ ಕ್ವಿಕ್‌ಪೋಸಸ್, ಲೈನ್ ಆಫ್ ಆಕ್ಷನ್ ಥರದವು ನಿಜವಾದ ಮನುಷ್ಯರ ಫೋಟೋ ಇಟ್ಟುಕೊಂಡು ಬಂದವು. ಬಟ್ಟೆ ತೊಟ್ಟ ಮಾಡೆಲ್ ಮಾತ್ರ ಸಾಕು ಅಂತ ಅಲ್ಲಿ ಆರಿಸಿಕೊಳ್ಳಬಹುದು. ಎಲ್ಲರೂ ಓಡಾಡುವ ಮನೆಯಲ್ಲಿ ಇದು ಎಷ್ಟು ದೊಡ್ಡ ಅನುಕೂಲ ಅಂತ ಹೇಳಬೇಕಿಲ್ಲ. :) ತರಗತಿಯ ಹಾಗೆ ಜೋಡಿಸಿಕೊಡುವ ವ್ಯವಸ್ಥೆಯೂ ಇದೆ. ಮೊದಲು ಮೂವತ್ತು ಸೆಕೆಂಡಿನವು ಹತ್ತಾರು, ಕೈ ಬಿಸಿಯಾದಮೇಲೆ ಒಂದು ನಿಮಿಷದವು, ಆಮೇಲೆ ಐದು, ಹತ್ತು ನಿಮಿಷದವು. ನಿಕೊಲೈಡಿಸನ ವೇಳಾಪಟ್ಟಿಯನ್ನು ಯಂತ್ರಕ್ಕೆ ಒಪ್ಪಿಸಿದ ಹಾಗೆ.

ಆದರೆ 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ ಫ್ಲ್ಯಾಶಿಗೆ ತಿಲಾಂಜಲಿ ಬಿಟ್ಟಿತು. ಅದನ್ನು ನಂಬಿದ್ದ ಆಟಗಳು, ಪಾಠಗಳು, ಟೈಮರುಗಳು ನಿಂತುಹೋದವು. ಪೋಸ್‌ಮೇನಿಯಾಕ್ಸ್ ಹೊಸ ತಂತ್ರದಲ್ಲಿ ಮರಳಿ ಬಂತು, ಬಾರದೇ ಹೋದವೂ ಎಷ್ಟೋ. ಕುರುವತ್ತಿಯ ಮದನಿಕೆ ಒಂಬೈನೂರು ವರ್ಷದಿಂದ ಅದೇ ಭಂಗಿಯಲ್ಲಿ ನಿಂತಿದ್ದಾಳೆ. ಸಾಫ್ಟ್‌ವೇರಿನ ಮಾಡೆಲ್ಲಿಗೆ ಇಪ್ಪತ್ತು ವರ್ಷವೂ ಗ್ಯಾರಂಟಿ ಇಲ್ಲ. ಸಾಧನವನ್ನು ಬಳಸಬೇಕು, ಅದರ ಮೇಲೇ ಒರಗಿಬಿಡಬಾರದು ಅನ್ನುವುದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಆ ಸಾಫ್ಟ್‌ವೇರುಗಳಲ್ಲಿ ಬರುವ ಮೈಗಳು ಯಾರವು? ಹೆಚ್ಚಿನವು ಜಿಮ್ಮಿನ ಮೈ, ಬ್ಯಾಲೆಯ ಮೈ, ಸ್ಟೂಡಿಯೋದ ಬೆಳಕಿನಲ್ಲಿ ಕತ್ತಿಯನ್ನೋ ಬಿಲ್ಲನ್ನೋ ಹಿಡಿದು ನಿಂತ ಮೈ. ಅಂಗರಚನೆ ಕಲಿಯೋಕೆ ಅದು ಸಾಕು. ಆದರೆ ಹತ್ತು ಸಾವಿರ ಸಲ ಅದನ್ನೇ ಬರೆದ ಕೈ ಮುಂದೆ ಕಥೆಗೆ ಚಿತ್ರ ಬರೆಯಲು ಕೂತಾಗ ಯಾವ ಮೈ ಬರೆಯುತ್ತದೆ? ಬೆಳಗಿನ ಜಾವ ಹಡಗಲಿಯ ಹೊಲದಲ್ಲಿ ಬಗ್ಗಿ ಮಲ್ಲಿಗೆ ಬಿಡಿಸುವ ಹೆಂಗಸಿನ ನಡುವಿನ ಬಾಗು ಜಿಮ್ಮಿನಲ್ಲಿ ಇಲ್ಲ. ಕೋಲಿನ ಮೇಲೆ ಗಲ್ಲ ಊರಿ, ಒಂದು ಕಾಲಿಗೆ ಭಾರ ಬಿಟ್ಟು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತ ಕುರುಬರ ತಾತನ ನಿಲುವು ಯಾವ ಸ್ಟೂಡಿಯೋದಲ್ಲೂ ಇಲ್ಲ. ನೋಡಿದರೆ ಅದೂ ಪಕ್ಕಾ ತ್ರಿಭಂಗ! ತಲೆಯ ಮೇಲೆ ಕೊಡ ಇಟ್ಟುಕೊಂಡು, ಕೊಡ ಅಲುಗದ ಹಾಗೆ ಮೈಯನ್ನೆಲ್ಲ ಅಲುಗಿಸುವ ಜೋಗತಿ ಕುಣಿತ ನೋಡಿದ್ದೀರಲ್ಲ? ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ದೇಶವೆಲ್ಲ ಆ ಕುಣಿತದ ಕಡೆ ತಿರುಗಿ ನೋಡಿತು. ಬ್ರಹ್ಮಸೂತ್ರ ಅಂದರೆ ಏನು ಅಂತ ತಿಳಿಯಬೇಕಾದರೆ ಆ ಕೊಡದ ನೇರಕ್ಕೆ ಒಂದು ದಾರ ಇಳಿಬಿಟ್ಟು ನೋಡಿ, ಸಾಕು.

ಇನ್ನು ಮೈಲಾರ. ಕುರುವತ್ತಿಯಿಂದ ದೂರವೇನಿಲ್ಲ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾರೆ. "ಸದ್ದಲೇ" ಅನ್ನುತ್ತಾರೆ. ಅಷ್ಟು ದೊಡ್ಡ ಜನಸಾಗರ ಗಪ್‌ಚುಪ್. ಕಾರಣಿಕದ ಒಂದು ಸಾಲು ನುಡಿದು ಮೇಲಿನಿಂದ ಬಿದ್ದುಬಿಡುತ್ತಾರೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಏರಿದ ಮೈ, ಮುಗಿಲು ನೋಡಿದ ಮುಖ, ಕೈಬಿಟ್ಟ ಗಳಿಗೆ. ಎಲ್ಲಾ ಸೇರಿದರೂ ಎಷ್ಟು ಹೊತ್ತು? ನಮ್ಮ ನಾಡಿನ ಅತಿ ದೊಡ್ಡ ಜೆಸ್ಚರ್ ತರಗತಿ ಅದೇ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಪರದೆಯ ಮುಂದೆ ವರ್ಷಗಟ್ಟಲೆ ಪಳಗಿದ ಕೈ ಅಲ್ಲಿ ಆ ಗಳಿಗೆಯನ್ನು ಹಿಡಿದೀತು. ಪಳಗದ ಕೈ ಬಿಳಿ ಹಾಳೆ ಹಿಡಿದು ವಾಪಸ್ ಬಂದೀತು.

ಹಾಗಾಗಿ ನನ್ನ ಸಲಹೆ ಸರಳ. ಟೈಮರ್ ಅವರದ್ದಿರಲಿ, ಮೈ ನಮ್ಮದಿರಲಿ. ಇದಕ್ಕೆ ದೊಡ್ಡ ಸಾಫ್ಟ್‌ವೇರೂ ಬೇಡ, ಸದಾ ಇಂಟರ್‌ನೆಟ್ಟೂ ಬೇಡ. ಈ ಟೈಮರುಗಳ ಒಳಗುಟ್ಟು ಬಹಳ ಸಣ್ಣದು: ಒಂದು ಫೋಲ್ಡರಿನ ತುಂಬ ಚಿತ್ರ, ಕ್ರಮ ಕಲಸಿ ತೋರಿಸುವುದು, ಇಷ್ಟು ಸೆಕೆಂಡಿಗೆ ಮುಂದಕ್ಕೆ ಹಾಕುವುದು. ಅಷ್ಟೇ. ಇರ್ಫಾನ್‌ವ್ಯೂ ಥರದ ಪುಕ್ಕಟೆ ಚಿತ್ರ ನೋಡುವ ತಂತ್ರಾಂಶದಲ್ಲಿ ಸ್ಲೈಡ್ ಶೋ ಅಂತ ಇರುತ್ತೆ, ಅದರಲ್ಲಿ 30 ಸೆಕೆಂಡು ಇಟ್ಟು, ಯಾದೃಚ್ಛಿಕ ಕ್ರಮ ಆರಿಸಿದರೆ ನಿಮ್ಮದೇ ಯಂತ್ರ ತಯಾರು. ಫೋಲ್ಡರಿಗೆ ಏನು ಹಾಕಬೇಕು? ಮನೆಯವರು ಕಸ ಗುಡಿಸುವಾಗ, ನೀರು ಸೇದುವಾಗ, ರೊಟ್ಟಿ ಬಡಿಯುವಾಗ, ಅಪ್ಪ ಎತ್ತಿಗೆ ನೊಗ ಕಟ್ಟುವಾಗ ಅವರನ್ನು ಕೇಳಿ ತೆಗೆದ ಫೋಟೋ. ಜಾತ್ರೆಯ ಕುಣಿತ. ಕುರುವತ್ತಿ, ಬಾಗಳಿಯ ಶಿಲ್ಪ. ಇನ್ನೂರು ಫೋಟೋ ಆದರೆ ಆರು ತಿಂಗಳ ಶಾಲೆ. ಕೇಳದೆ ಯಾರದ್ದೂ ತೆಗೆಯಬೇಡಿ, ಅದರಲ್ಲೂ ಹೆಣ್ಣುಮಕ್ಕಳದ್ದು.

ಒಂದು ವಾಕ್ಯ ಟೈಪು ಮಾಡಿದರೆ ಕಂಪ್ಯೂಟರೇ ಚಿತ್ರ ಬರೆದುಕೊಡುತ್ತೆ, ಈಗ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಮೂವತ್ತು ಸೆಕೆಂಡಿನ ಗೀಚನ್ನು ಯಾರೂ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವುದಿಲ್ಲ. ಬರೆದದ್ದು ಕಸದ ಬುಟ್ಟಿಗೆ, ನೋಡಿದ್ದು ನಮ್ಮೊಳಗೆ. ಅರ್ಧ ತಾಸು ಹೀಗೆ ಬರೆದು ಎದ್ದು ಬೀದಿಗೆ ಬಂದರೆ ಎದುರಿಗೆ ಬರುವ ಪ್ರತಿಯೊಬ್ಬರ ನಡಿಗೆಯೂ ಬೇರೆಯಾಗಿ ಕಾಣುತ್ತದೆ. ಯಾರಿಗೆ ಮಂಡಿನೋವು, ಯಾರ ಹೆಗಲಿಗೆ ಭಾರ, ಯಾರಿಗೆ ಇವತ್ತು ಖುಷಿ. ಈ ನೋಟವನ್ನು ಯಂತ್ರ ನಮ್ಮ ಬದಲು ನೋಡಿಕೊಡಲಾರದು.

ಹೆಬ್ಬಾರರ ಹಾಗೆ ಬೊಂಬಾಯಿಗೆ ಹೋಗುವ ಗತಿ ಇಲ್ಲದ, ಕಾಲೇಜಿನ ಫೀಸು ಕಟ್ಟಲಾಗದ ಎಷ್ಟೋ ಕೈಗಳು ನಮ್ಮ ಐದು ತಾಲ್ಲೂಕುಗಳಲ್ಲಿ ಹಿಂದೆ ಹಾಗೇ ಮುದುಡಿ ಹೋದವು. ಗೋಡೆಗೆ ಜಾಹೀರಾತು ಬರೆದು, ನಾಟಕದ ಪರದೆ ಬರೆದು, ಫ್ಲೆಕ್ಸ್ ಬಂದಮೇಲೆ ಅದೂ ಇಲ್ಲದೆ ಹೋದವರು ಊರಿಗೊಬ್ಬರಾದರೂ ಸಿಗುತ್ತಾರೆ. ಈಗಿನ ಮಕ್ಕಳಿಗೆ ಮಾಡೆಲ್ ಇಲ್ಲ, ಮೇಷ್ಟ್ರಿಲ್ಲ ಎಂಬ ಕಾರಣ ಅರ್ಧದಷ್ಟು ಕಳೆದಿದೆ. ಉಳಿದರ್ಧ ಅವರ ಕೈಯಲ್ಲಿದೆ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೀಚುವ ಒಂದು ಮಗು ಇದ್ದರೆ ಅದಕ್ಕೆ ರಬ್ಬರ್ ಕೊಡಿಸಬೇಡಿ. ಒಂದು ದಪ್ಪ ಪೆನ್ಸಿಲ್ಲು, ಒಂದು ಕಟ್ಟು ಅಗ್ಗದ ಕಾಗದ ಕೊಡಿಸಿ, ಫೋನಿನಲ್ಲಿ ಟೈಮರ್ ಇಟ್ಟು ಎದುರಿಗೆ ನೀವೇ ನಿಂತುಕೊಳ್ಳಿ. ಮೂವತ್ತು ಸೆಕೆಂಡು ತಾನೇ, ಏನಂತೀರಿ?